ಪೆನ್‌ಡ್ರೈವ್‌ನಲ್ಲಿ ಲಿನಕ್ಸ್: ಲೈವ್ ಆಗಿ ಬಳಸಬೇಕೋ, ಪೂರ್ತಿ ಇನ್‌ಸ್ಟಾಲ್ ಮಾಡಬೇಕೋ?

ಓದುಗರ ಪ್ರಶ್ನೆ:

"ನಮಸ್ಕಾರ ಸರ್. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿ. ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದೆ, ಅದನ್ನು ಯಜಮಾನರೂ ಮಕ್ಕಳೂ ಬಳಸುತ್ತಾರೆ. ಕಾಲೇಜಿನ ಲ್ಯಾಬ್‌ನಲ್ಲಿ ಇರುವುದು ಹಳೆಯ ಕಂಪ್ಯೂಟರ್‌ಗಳು, ಬಹಳಷ್ಟರಲ್ಲಿ ವೈರಸ್ ಇದೆ. ಕೆಲವೊಮ್ಮೆ ಸೈಬರ್ ಸೆಂಟರ್‌ಗೂ ಹೋಗಬೇಕಾಗುತ್ತದೆ. ಎಲ್ಲ ಕಡೆ ನನ್ನದೇ ವ್ಯವಸ್ಥೆ ಜೊತೆಗಿರಲಿ ಎಂದು ಕಳೆದ ವರ್ಷ 32 ಜಿಬಿ ಪೆನ್‌ಡ್ರೈವ್‌ಗೆ ಲಿನಕ್ಸ್ ಪೂರ್ತಿ ಇನ್‌ಸ್ಟಾಲ್ ಮಾಡಿಕೊಂಡೆ. ಮೊದಲಿಂದಲೂ ತುಂಬ ನಿಧಾನ. ಬ್ರೌಸರ್ ತೆರೆದರೆ ಪರದೆ ಅಲುಗಾಡದೆ ನಿಂತುಬಿಡುತ್ತಿತ್ತು. ಮನೆಯಲ್ಲಿ ಬೂಟ್ ಆಗುತ್ತಿದ್ದ ಅದೇ ಪೆನ್‌ಡ್ರೈವ್ ಕಾಲೇಜಿನಲ್ಲಿ ಒಮ್ಮೆಯೂ ಬೂಟ್ ಆಗಲಿಲ್ಲ. ಅದನ್ನು ತೆಗೆದರೆ ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೂಡ ಬರುವುದಿಲ್ಲ, ಕಪ್ಪು ಪರದೆಯ ಮೇಲೆ 'ಗ್ರಬ್' ಎಂಬ ಅಕ್ಷರಗಳು ಬರುತ್ತವೆ. ಈಗ ಅಂಕಪಟ್ಟಿ ತಯಾರಿಸುವ ಹೊತ್ತಿಗೆ 'ರೀಡ್-ಓನ್ಲಿ ಫೈಲ್ ಸಿಸ್ಟಮ್' ಎಂದು ತೋರಿಸಿ, ಏನನ್ನೂ ಉಳಿಸಲು ಬಿಡುತ್ತಿಲ್ಲ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ನಡೆಯುವ ಲೈವ್ ವ್ಯವಸ್ಥೆಗೆ ವೈರಸ್ ತಗಲುವುದೇ ಇಲ್ಲ, ಬ್ಯಾಂಕ್ ಕೆಲಸವನ್ನೂ ಧೈರ್ಯವಾಗಿ ಮಾಡಬಹುದು ಎನ್ನುತ್ತಾರೆ ಒಬ್ಬ ಸಹೋದ್ಯೋಗಿ. ಲೈವ್‌ನಲ್ಲಿ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ, ಕನ್ನಡ ಕೀಲಿಮಣೆಯನ್ನೂ ಪ್ರತಿಸಲ ಹೊಸದಾಗಿ ಹೊಂದಿಸಬೇಕು ಎನ್ನುತ್ತಾರೆ ಇನ್ನೊಬ್ಬರು. ಲೈವ್‌ನಲ್ಲೂ ಬದಲಾವಣೆಗಳನ್ನು ಉಳಿಸುವ ಪರ್ಸಿಸ್ಟೆನ್ಸ್ ಹಾಕಿಕೊಂಡರೆ ಎರಡರ ಲಾಭವೂ ಸಿಗುತ್ತದೆ ಎಂದು ಅಂಗಡಿಯವರು ಹೇಳಿದರು. ನಾನು ಯಾವುದನ್ನು ಆರಿಸಿಕೊಳ್ಳಲಿ?"

ಉತ್ತರ:

ಆಯ್ಕೆಯ ಮಾತಿಗಿಂತ ಮುಂಚೆ ತುರ್ತಿನ ಕೆಲಸವೊಂದಿದೆ. ನಿಮ್ಮ ಅಂಕಪಟ್ಟಿ ಇನ್ನೂ ಆ ಪೆನ್‌ಡ್ರೈವ್‌ನಲ್ಲೇ ಇದ್ದರೆ, ಅದನ್ನು ರಿಪೇರಿ ಮಾಡುವ ಯಾವ ಪ್ರಯತ್ನಕ್ಕೂ ಕೈ ಹಾಕಬೇಡಿ. ವಿಂಡೋಸ್‌ಗೆ ಸಿಕ್ಕಿಸಿದಾಗ "ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು" ಎಂಬ ಪ್ರಶ್ನೆ ಬರಬಹುದು. ಲಿನಕ್ಸ್‌ನ ಪಾರ್ಟಿಶನ್ (ಡಿಸ್ಕಿನ ವಿಭಾಗ) ವಿಂಡೋಸ್‌ಗೆ ಓದಲು ಬಾರದ್ದರಿಂದ ಅದು ಹಾಗೆ ಕೇಳುತ್ತದೆಯೇ ಹೊರತು ನಿಮ್ಮ ಕಡತಗಳು ಹೋಗಿವೆ ಎಂದು ಅರ್ಥವಲ್ಲ. ಅಲ್ಲಿ ಒಪ್ಪಿಗೆಯ ಗುಂಡಿ ಒತ್ತಿದರೆ ಮಾತ್ರ ನಿಜಕ್ಕೂ ಹೋಗುತ್ತವೆ. ಬೇರೊಂದು ಪೆನ್‌ಡ್ರೈವ್‌ನಲ್ಲಿ ಯಾವುದಾದರೂ ಲೈವ್ ಲಿನಕ್ಸ್ ತಯಾರಿಸಿ, ಅದರಿಂದ ಬೂಟ್ ಮಾಡಿ, ಹಳೆಯ ಪೆನ್‌ಡ್ರೈವ್ ಅನ್ನು ಓದಲು ಮಾತ್ರ ಎಂಬ ಆಯ್ಕೆಯಲ್ಲಿ ಮೌಂಟ್ ಮಾಡಿ (ಅಂದರೆ ತೆರೆದು), ಕಡತಗಳನ್ನು ಮೂರನೆಯ ಕಡೆಗೆ ನಕಲು ಮಾಡಿಕೊಳ್ಳಿ. ಮೌಂಟ್ ಆಗಲು ನಿರಾಕರಿಸಿದರೆ 'ನೋಲೋಡ್' ಎಂಬ ಇನ್ನೊಂದು ಆಯ್ಕೆಯನ್ನೂ ಸೇರಿಸಿ. ಲಿನಕ್ಸ್ ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಕಡತ ವ್ಯವಸ್ಥೆಯು ತೆರೆದುಕೊಳ್ಳುವಾಗ ಜರ್ನಲ್ ಎಂಬ ತನ್ನ ದಾಖಲೆಯಲ್ಲಿ ಬಾಕಿ ಉಳಿದ ಬರವಣಿಗೆಯನ್ನು ಮುಗಿಸಲು ಹೋಗುತ್ತದೆ, ಬರೆಯಲು ಒಪ್ಪದ ಪೆನ್‌ಡ್ರೈವ್‌ನಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ, ಈ ಆಯ್ಕೆ ಅದನ್ನು ತಡೆಯುತ್ತದೆ. ನಕಲು ನಡುವೆಯೇ ನಿಂತು ನಿಂತು ಹೋಗುತ್ತಿದ್ದರೆ ಡಿಡಿರೆಸ್ಕ್ಯೂ ಎಂಬ ಸಾಧನದಿಂದ ಇಡೀ ಪೆನ್‌ಡ್ರೈವ್‌ನ ಪ್ರತಿಯನ್ನು ಮೊದಲು ತೆಗೆದು, ಆ ಪ್ರತಿಯ ಮೇಲೆ ಮುಂದಿನ ಕೆಲಸ ಮಾಡಿ.

ವಿಂಡೋಸ್ ಬಾರದಿರುವುದು ಅಷ್ಟು ಗಾಬರಿಯ ವಿಷಯವಲ್ಲ. ಕಾಲೇಜಿನಲ್ಲಿ ಪೆನ್‌ಡ್ರೈವ್ ಬೂಟ್ ಆಗದೆ ಇದ್ದುದಕ್ಕೂ ಮನೆಯಲ್ಲಿ ಅದಿಲ್ಲದೆ ವಿಂಡೋಸ್ ಬಾರದಿರುವುದಕ್ಕೂ ಕಾರಣ ಒಂದೇ ಎಂದು ನಿಮ್ಮ ವಿವರಣೆಯಿಂದಲೇ ಹೇಳಬಹುದು. ಇನ್‌ಸ್ಟಾಲ್ ಮಾಡುವಾಗ ನೀವು ಗುರಿಯಾಗಿ ಪೆನ್‌ಡ್ರೈವ್ ಅನ್ನೇ ಆರಿಸಿದ್ದರೂ, ಕಂಪ್ಯೂಟರನ್ನು ಎಬ್ಬಿಸುವ ಬೂಟ್‌ಲೋಡರ್ ಎಂಬ ಸಣ್ಣ ಭಾಗವು ಲ್ಯಾಪ್‌ಟಾಪ್‌ನ ಒಳಗಿನ ಡಿಸ್ಕಿನಲ್ಲಿ ಬೂಟ್‌ಗೆಂದೇ ಮೀಸಲಾದ ಇಎಫ್ಐ ಪಾರ್ಟಿಶನ್‌ಗೆ ಹೋಗಿ ಕುಳಿತಿದೆ. ಹೀಗಾಗಿ ಲ್ಯಾಪ್‌ಟಾಪ್ ಆನ್ ಆದೊಡನೆ ಗ್ರಬ್ ಎಂಬ ಆ ಬೂಟ್‌ಲೋಡರ್ ಎಚ್ಚರಗೊಂಡು ತನ್ನ ಉಳಿದ ಭಾಗವನ್ನು ಪೆನ್‌ಡ್ರೈವ್‌ನಲ್ಲಿ ಹುಡುಕುತ್ತದೆ, ಸಿಗದಿದ್ದರೆ ಅಲ್ಲೇ ನಿಲ್ಲುತ್ತದೆ. ಅತ್ತ ಪೆನ್‌ಡ್ರೈವ್‌ನಲ್ಲಿ ಬೂಟ್‌ಲೋಡರ್ ಇಲ್ಲದ ಕಾರಣ ಕಾಲೇಜಿನ ಕಂಪ್ಯೂಟರ್‌ಗೆ ಅದು ಬೂಟ್ ಮಾಡಬಹುದಾದ ಸಾಧನವಾಗಿ ಕಾಣಿಸುವುದೇ ಇಲ್ಲ. ಲಿನಕ್ಸ್ ಇನ್‌ಸ್ಟಾಲರ್‌ಗಳಲ್ಲಿ ಈ ವರ್ತನೆ ಬಹುಕಾಲದಿಂದ ಗೊತ್ತಿರುವಂಥದ್ದು. ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್2, ಎಫ್12 ಅಥವಾ ಎಸ್ಕೇಪ್ ಕೀಲಿಗಳಲ್ಲಿ ನಿಮ್ಮ ಮಾದರಿಗೆ ಹೊಂದುವುದನ್ನು ಒತ್ತಿ ಬೂಟ್ ಪಟ್ಟಿಗೆ ಹೋಗಿ "ವಿಂಡೋಸ್ ಬೂಟ್ ಮ್ಯಾನೇಜರ್" ಅನ್ನು ಮೊದಲ ಸ್ಥಾನಕ್ಕೆ ತಂದರೆ ವಿಂಡೋಸ್ ಎಂದಿನಂತೆ ಬರುತ್ತದೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ನಿಮ್ಮ ಪತ್ರದಲ್ಲಿ ಒಂದರೊಳಗೊಂದು ಬೆರೆತ ಮೂರು ಬೇಡಿಕೆಗಳಿವೆ: ಕಂಡವರ ಕಂಪ್ಯೂಟರ್‌ನಲ್ಲಿ ಕೆಲಸ ಮಾಡಿದರೂ ವ್ಯವಸ್ಥೆ ಕೆಡಬಾರದು, ಮಾಡಿದ ಕೆಲಸ ಕಳೆದುಹೋಗಬಾರದು, ಎಲ್ಲಿ ಕುಳಿತರೂ ಅದೇ ಕೀಲಿಮಣೆ ಅದೇ ಹೊಂದಾಣಿಕೆ ಸಿಗಬೇಕು. ನಿಮಗೆ ಸಲಹೆ ಕೊಟ್ಟ ಮೂವರೂ ಒಂದೊಂದು ಬೇಡಿಕೆಯನ್ನು ಮಾತ್ರ ನೋಡಿ ಉತ್ತರಿಸಿದ್ದಾರೆ. ನನ್ನ ಅನುಭವದಲ್ಲಿ ಈ ಆಯ್ಕೆ ಎಡವುವುದು ವ್ಯವಸ್ಥೆ ಮತ್ತು ಕೆಲಸ ಎರಡನ್ನೂ ಒಂದೇ ವಸ್ತುವೆಂದು ಭಾವಿಸಿದಾಗ. ಕಾರ್ಯಾಚರಣಾ ವ್ಯವಸ್ಥೆ ಯಾವತ್ತು ಹೋದರೂ ಒಂದು ಗಂಟೆಯಲ್ಲಿ ಮತ್ತೆ ತರಿಸಿಕೊಳ್ಳಬಹುದಾದದ್ದು. ನಿಮ್ಮ ಅಂಕಪಟ್ಟಿ, ಟಿಪ್ಪಣಿ, ಪ್ರಶ್ನೆಪತ್ರಿಕೆಗಳು ಹಾಗಲ್ಲ. ಯಾವುದನ್ನು ಬರೆಯಲಾಗದಂತೆ ಇಡಬೇಕು, ಯಾವುದನ್ನು ಎಲ್ಲಿ ಬರೆಯಬೇಕು ಎಂದು ಬೇರೆಬೇರೆಯಾಗಿ ಕೇಳಿಕೊಂಡರೆ ಉತ್ತರ ತಾನಾಗಿ ತಿಳಿಯಾಗುತ್ತದೆ.

ಲೈವ್ ವ್ಯವಸ್ಥೆ ಒಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರ ಶಕ್ತಿಯೂ ಮಿತಿಯೂ ಅಲ್ಲೇ ಇವೆ. 2000ನೇ ಇಸವಿಯಲ್ಲಿ ಜರ್ಮನಿಯ ಕ್ಲಾಸ್ ನಾಪರ್ ಹೊರತಂದ ನಾಪಿಕ್ಸ್, ಡೆಬಿಯನ್ ಎಂಬ ಲಿನಕ್ಸ್ ಆಧಾರಿತ ಇಡೀ ವ್ಯವಸ್ಥೆಯನ್ನು ಸಂಕುಚಿತಗೊಳಿಸಿ ಒಂದು ಸಿಡಿಯಿಂದ ನೇರವಾಗಿ ನಡೆಸಿ ತೋರಿಸಿತು. ಇಂದಿನ ಲೈವ್ ವ್ಯವಸ್ಥೆಗಳಲ್ಲಿಯೂ ತತ್ತ್ವ ಅದೇ. ವ್ಯವಸ್ಥೆಯ ಕಡತಗಳೆಲ್ಲ ಸ್ಕ್ವಾಶ್‌ಎಫ್ಎಸ್ ಎಂಬ ಸಂಕುಚಿತ ಕಡತವೊಂದರಲ್ಲಿ ಇರುತ್ತವೆ. ಅದನ್ನು ಓದಬಹುದು, ತಿದ್ದಲು ಆಗುವುದಿಲ್ಲ. ಅದರ ಮೇಲೆ ಓವರ್‌ಲೇ ಎಂಬ ಎರಡನೆಯ ಪದರವೊಂದು ಬರುತ್ತದೆ. ನೀವು ತರಗತಿಯಲ್ಲಿ ಮುದ್ರಿತ ನಕ್ಷೆಯ ಮೇಲೆ ಪಾರದರ್ಶಕ ಹಾಳೆಯನ್ನಿಟ್ಟು ಗೆರೆ ಎಳೆದಂತೆ: ನೋಡುವವರಿಗೆ ಗೆರೆಗಳು ನಕ್ಷೆಯ ಮೇಲೆಯೇ ಇದ್ದಂತೆ ಕಂಡರೂ ಹಾಳೆ ತೆಗೆದರೆ ನಕ್ಷೆ ಮೊದಲಿನಂತೆಯೇ ಇರುತ್ತದೆ. ಸಾಮಾನ್ಯ ಲೈವ್‌ನಲ್ಲಿ ಈ ಹಾಳೆ ಇರುವುದು ಕಂಪ್ಯೂಟರ್‌ನ ರ‍್ಯಾಮ್‌ನಲ್ಲಿ, ಆದ್ದರಿಂದ ಆಫ್ ಮಾಡಿದೊಡನೆ ಇಲ್ಲವಾಗುತ್ತದೆ. ನಿಮ್ಮ ಎರಡನೆಯ ಸಹೋದ್ಯೋಗಿ ಹೇಳಿದ್ದು ಇಷ್ಟರಮಟ್ಟಿಗೆ ನಿಜ.

ಆದರೆ ಅಳಿಯುವುದು ಆ ಪದರದಲ್ಲಿ ಬರೆದದ್ದು ಮಾತ್ರ. ಅದೇ ಪೆನ್‌ಡ್ರೈವ್‌ನಲ್ಲಿ ಬೇರೊಂದು ಪಾರ್ಟಿಶನ್ ಮಾಡಿಕೊಂಡು ಅಥವಾ ಇನ್ನೊಂದು ಪೆನ್‌ಡ್ರೈವ್ ಸಿಕ್ಕಿಸಿ ಅಲ್ಲಿಗೆ ನೇರವಾಗಿ ಉಳಿಸಿದ ಕಡತ ಎಲ್ಲಿಯೂ ಹೋಗುವುದಿಲ್ಲ. ಲೈವ್ ಬಳಸುವವರು ಕೆಲಸ ಕಳೆದುಕೊಳ್ಳುವುದು ಬಹುತೇಕ ಸಲ ಕಡತವನ್ನು "ಡಾಕ್ಯುಮೆಂಟ್ಸ್" ಫೋಲ್ಡರ್‌ನಲ್ಲಿ ಉಳಿಸಿ, ಹೋಗುವ ಮುನ್ನ ನಕಲು ಮಾಡಿಕೊಂಡರಾಯಿತು ಎಂದುಕೊಂಡಾಗ. ಅಷ್ಟರಲ್ಲಿ ಕರೆಂಟು ಹೋದರೆ, ಲ್ಯಾಬ್‌ನ ಯುಪಿಎಸ್ ಕೈಕೊಟ್ಟರೆ, ಎಲ್ಲವೂ ಹೋಯಿತು. ಕಡತವನ್ನು ತೆರೆದ ಕ್ಷಣವೇ, ಒಂದಕ್ಷರ ಬರೆಯುವ ಮುಂಚೆಯೇ, ಶಾಶ್ವತ ಸ್ಥಳದಲ್ಲಿ ಉಳಿಸಿ ನಂತರ ಮುಂದುವರಿಯುವ ಅಭ್ಯಾಸ ಮಾಡಿಕೊಂಡರೆ ಈ ಭಯ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಇದೇ ಜಾಗದಲ್ಲಿ ರ‍್ಯಾಮ್‌ನ ಮಿತಿಯನ್ನೂ ಹೇಳಬೇಕು: ರ‍್ಯಾಮ್‌ನಲ್ಲಿ ಇರುವ ಆ ಪದರಕ್ಕೆ ಸಾಮಾನ್ಯವಾಗಿ ಒಟ್ಟು ರ‍್ಯಾಮ್‌ನ ಅರ್ಧದವರೆಗೆ ಮಾತ್ರ ಬೆಳೆಯಲು ಅವಕಾಶವಿರುತ್ತದೆ. 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಬ್ ಕಂಪ್ಯೂಟರ್‌ನಲ್ಲಿ ದೊಡ್ಡ ಕಡತಗಳನ್ನು ಡೌನ್‌ಲೋಡ್ ಮಾಡಿದರೆ ಜಾಗವೂ ಮುಗಿಯುತ್ತದೆ, ಬ್ರೌಸರ್‌ಗೆ ಬೇಕಾದ ರ‍್ಯಾಮ್ ಕೂಡ ಕಡಿಮೆಯಾಗುತ್ತದೆ.

ಈಗ ವೈರಸ್‌ನ ಮಾತು. ಲ್ಯಾಬ್‌ನ ವಿಂಡೋಸ್‌ನಲ್ಲಿರುವ ವೈರಸ್ ನೀವು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ಚಾಲನೆಗೇ ಬರುವುದಿಲ್ಲ. ಇದು ಲೈವ್‌ಗೂ ನಿಜ, ಪೂರ್ತಿ ಇನ್‌ಸ್ಟಾಲ್‌ಗೂ ಅಷ್ಟೇ ನಿಜ. ಲೈವ್‌ನ ವಿಶೇಷ ಲಾಭವೆಂದರೆ, ನೀವು ಇಂದಿನ ಕೆಲಸದ ನಡುವೆ ಯಾವುದಾದರೂ ದುಷ್ಟ ತಂತ್ರಾಂಶಕ್ಕೆ ಸಿಕ್ಕಿಬಿದ್ದರೂ ನಾಳೆ ಬೂಟ್ ಮಾಡುವಾಗ ಅದು ಸಾಮಾನ್ಯವಾಗಿ ಉಳಿದಿರುವುದಿಲ್ಲ. ಇಂದಿನ ಮಟ್ಟಿಗೆ ಮಾತ್ರ ಅದು ನಿಮ್ಮ ಪಾಸ್‌ವರ್ಡ್ ಕದಿಯಬಲ್ಲದು, ತೆರೆದಿರುವ ಪಾರ್ಟಿಶನ್‌ಗಳ ಕಡತಗಳನ್ನು ಹಾಳುಮಾಡಬಲ್ಲದು. ಅದಲ್ಲದೆ "ರೀಡ್-ಓನ್ಲಿ" ಎಂಬ ಗುಣ ಆ ಸ್ಕ್ವಾಶ್‌ಎಫ್ಎಸ್ ಕಡತದ್ದೇ ಹೊರತು ಪೆನ್‌ಡ್ರೈವ್‌ನದ್ದಲ್ಲ. ರೂಟ್ ಅಧಿಕಾರ (ವ್ಯವಸ್ಥೆಯ ಮೇಲೆ ಪೂರ್ತಿ ಹಿಡಿತ) ಸಿಕ್ಕ ತಂತ್ರಾಂಶ ಪೆನ್‌ಡ್ರೈವ್‌ನ ಮೇಲೆ ನೇರವಾಗಿ ಬರೆಯಬಹುದು, ಒಳಗಿನ ಹಾರ್ಡ್‌ಡಿಸ್ಕಿನ ಮೇಲೂ ಬರೆಯಬಹುದು. ಸಾಮಾನ್ಯ ಲೈವ್ ವ್ಯವಸ್ಥೆಗಳಲ್ಲಿ ಪಾಸ್‌ವರ್ಡ್ ಕೇಳದೆಯೇ ಆ ಅಧಿಕಾರ ಸಿಗುತ್ತದೆ ಎಂಬುದನ್ನು ಮರೆಯಬಾರದು. ಯಂತ್ರಾಂಶದ ಮಟ್ಟದಲ್ಲೇ ಬರೆಯಲಾಗದ ಮಾಧ್ಯಮ ಬೇಕೆಂದರೆ ಒಮ್ಮೆ ಬರೆದು ಮುಗಿಸಿದ ಡಿವಿಡಿ-ಆರ್ ಇದೆ, ಬರವಣಿಗೆ ತಡೆಯುವ ಸ್ವಿಚ್ ಇರುವ ಕೆಲವು ಪೆನ್‌ಡ್ರೈವ್‌ಗಳಿವೆ. ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಪುಟ್ಟ ಜಾರುಗುಂಡಿಯನ್ನು ನಂಬಬೇಡಿ. ಅದು ಕಾರ್ಡಿನ ಒಳಗಿನ ವಿದ್ಯುನ್ಮಂಡಲಕ್ಕೆ ಸೇರಿದ್ದಲ್ಲ, ಅದನ್ನು ಗಮನಿಸುವುದೋ ಬಿಡುವುದೋ ರೀಡರ್‌ಗೆ ಬಿಟ್ಟದ್ದು.

ಕಾಲ ಕಳೆದಂತೆ ಲೈವ್‌ನ ಸುರಕ್ಷತೆ ಕಡಿಮೆಯಾಗುತ್ತ ಹೋಗುತ್ತದೆ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಪೆನ್‌ಡ್ರೈವ್‌ಗೆ ಬರೆಯುವ ಮೂಲ ಕಡತವಾದ ಐಎಸ್‌ಒ ಯಾವ ದಿನ ತಯಾರಾಯಿತೋ ಆ ದಿನದ ಬ್ರೌಸರ್, ಆ ದಿನದ ಕರ್ನಲ್ (ಲಿನಕ್ಸ್‌ನ ತಿರುಳು) ಅದರಲ್ಲಿ ಉಳಿದುಕೊಂಡಿರುತ್ತವೆ. ಒಂದು ವರ್ಷದ ಹಿಂದಿನ ಲೈವ್ ಪೆನ್‌ಡ್ರೈವ್ ಎಂದರೆ ಒಂದು ವರ್ಷದಿಂದ ಸೆಕ್ಯುರಿಟಿ ಅಪ್‌ಡೇಟ್ ಕಾಣದ ಬ್ರೌಸರ್. ಬೂಟ್ ಮಾಡಿದಾಗಲೆಲ್ಲ ಅದು ಅದೇ ಹಳೆಯ ದೋಷಗಳೊಂದಿಗೆ ಎದ್ದು ನಿಲ್ಲುತ್ತದೆ. ನಿಯಮಿತವಾಗಿ ಅಪ್‌ಡೇಟ್ ಆಗುತ್ತಿರುವ ಪೂರ್ತಿ ಇನ್‌ಸ್ಟಾಲ್ ಈ ವಿಷಯದಲ್ಲಿ ಹಳೆಯ ಲೈವ್‌ಗಿಂತ ಸುರಕ್ಷಿತ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಎರಡು ಮೂರು ತಿಂಗಳಿಗೊಮ್ಮೆ ಹೊಸ ಐಎಸ್‌ಒ ತಂದು, ವಿತರಕರು ಪ್ರಕಟಿಸಿದ ಶಾ-256 ಮೊತ್ತದೊಂದಿಗೆ (ಕಡತ ಬದಲಾಗಿಲ್ಲವೆಂದು ತಿಳಿಸುವ ಸಂಖ್ಯೆ) ತಾಳೆ ನೋಡಿ, ಮತ್ತೆ ಪೆನ್‌ಡ್ರೈವ್‌ಗೆ ಬರೆಯುವ ವ್ಯವಧಾನ ಇದ್ದರೆ ಮಾತ್ರ ಲೈವ್ ಆರಿಸಿಕೊಳ್ಳಿ.

ಸೈಬರ್ ಸೆಂಟರ್‌ನಿಂದ ಬ್ಯಾಂಕ್ ವ್ಯವಹಾರ ಮಾಡುವುದನ್ನು ಲೈವ್ ಇದ್ದರೂ ನಾನು ಒಪ್ಪುವುದಿಲ್ಲ. ಕೀಲಿಮಣೆಯ ತಂತಿಗೂ ಸಿಪಿಯುಗೂ ನಡುವೆ ಸಿಕ್ಕಿಸಿದ ಸಣ್ಣ ಕೀಲಾಗರ್ ಸಾಧನಕ್ಕೆ ನೀವು ಯಾವ ವ್ಯವಸ್ಥೆಯಿಂದ ಬೂಟ್ ಮಾಡಿದ್ದೀರಿ ಎಂಬುದು ಲೆಕ್ಕಕ್ಕಿಲ್ಲ, ಒತ್ತಿದ ಪ್ರತಿ ಕೀಲಿಯೂ ಅದರಲ್ಲಿ ದಾಖಲಾಗುತ್ತದೆ. ಬ್ಯಾಂಕಿನಂತೆಯೇ ಕಾಣುವ ನಕಲಿ ಪುಟದಲ್ಲಿ ನೀವೇ ಪಾಸ್‌ವರ್ಡ್ ಬರೆದುಕೊಟ್ಟರೆ ಅದನ್ನೂ ಲೈವ್ ತಡೆಯಲಾರದು. ಮನೆಯ ಲ್ಯಾಪ್‌ಟಾಪ್‌ನಲ್ಲಿ, ಮಕ್ಕಳು ಏನೇನು ಹಾಕಿಕೊಂಡಿದ್ದಾರೋ ಎಂಬ ಅನುಮಾನವಿರುವಲ್ಲಿ, ಹೊಸ ಲೈವ್‌ನಿಂದ ಬೂಟ್ ಮಾಡಿ ಬ್ಯಾಂಕ್ ಕೆಲಸ ಮುಗಿಸುವುದು ಮಾತ್ರ ನಿಜವಾಗಿ ಪ್ರಯೋಜನದ ಬಳಕೆ. ಇದಕ್ಕಾಗಿ ಟೇಲ್ಸ್ ಎಂಬ ಲೈವ್ ಲಿನಕ್ಸ್ ಬಳಸಿ ಎಂದು ಯಾರಾದರೂ ಹೇಳಬಹುದು. ಅದು ಒಳ್ಳೆಯ ವ್ಯವಸ್ಥೆಯೇ ಆದರೂ ಎಲ್ಲ ಸಂಪರ್ಕವನ್ನೂ ಗುರುತು ಮರೆಮಾಚುವ ಟಾರ್ ಜಾಲದ ಮೂಲಕ ಕಳುಹಿಸುವುದರಿಂದ ಬ್ಯಾಂಕಿನ ತಾಣಗಳು ಅದನ್ನು ಅನುಮಾನದಿಂದ ನೋಡುವುದುಂಟು. ಅದರ ಉದ್ದೇಶ ಬೇರೆ, ನಿಮ್ಮ ಅಗತ್ಯ ಬೇರೆ.

ಇನ್ನು ನಿಮ್ಮ ಪೂರ್ತಿ ಇನ್‌ಸ್ಟಾಲ್ ಏಕೆ ಅಷ್ಟು ನಿಧಾನವಾಗಿತ್ತು, ಏಕೆ ನಿಂತುಹೋಯಿತು? ಪೆನ್‌ಡ್ರೈವ್‌ನಲ್ಲಿರುವ ನ್ಯಾಂಡ್ ಫ್ಲ್ಯಾಶ್ ಚಿಪ್‌ನಲ್ಲಿ ಒಂದು ಪುಟದ ಮೇಲೆ ನೇರವಾಗಿ ಮರುಬರೆಯಲು ಬರುವುದಿಲ್ಲ. ಬರೆಯುವುದು ಕೆಲವು ಕಿಲೋಬೈಟ್‌ಗಳ ಪುಟಗಳಲ್ಲಿ, ಅಳಿಸುವುದು ಮಾತ್ರ ನೂರಾರು ಪುಟಗಳ, ಮೆಗಾಬೈಟ್ ಲೆಕ್ಕದ ಇಡೀ ಬ್ಲಾಕಿನಲ್ಲಿ. ನೀವು 4 ಕೆಬಿಯಷ್ಟು ಬದಲಿಸಿದರೆ ಚಿಪ್ ಅನ್ನು ನಿಭಾಯಿಸುವ ಕಂಟ್ರೋಲರ್ ಒಳಗೊಳಗೇ ಅದರ ಎಷ್ಟೋ ಪಾಲು ಹೆಚ್ಚು ಮಾಹಿತಿಯನ್ನು ಸ್ಥಳಾಂತರಿಸಬೇಕಾಗಬಹುದು. ಎಸ್‌ಎಸ್‌ಡಿಯಲ್ಲೂ ಇರುವುದು ಇದೇ ಫ್ಲ್ಯಾಶ್. ಆದರೆ ಅದರಲ್ಲಿ ಸಮರ್ಥ ಕಂಟ್ರೋಲರ್ ಇರುತ್ತದೆ, ಸವೆತವನ್ನು ಎಲ್ಲ ಬ್ಲಾಕುಗಳಿಗೂ ಸಮನಾಗಿ ಹಂಚುವ ಏರ್ಪಾಡು ಇರುತ್ತದೆ, ಬದಲಿ ಬ್ಲಾಕುಗಳ ದಾಸ್ತಾನು ಇರುತ್ತದೆ. ಸಾಮಾನ್ಯ ಪೆನ್‌ಡ್ರೈವ್ ಅನ್ನು ಸಿನಿಮಾದಂಥ ಒಂದು ದೊಡ್ಡ ಕಡತವನ್ನು ಒಂದೇ ಸಮ ಬರೆಯಲು ರೂಪಿಸಿರುತ್ತಾರೆ. ಪೊಟ್ಟಣದ ಮೇಲೆ ಮುದ್ರಿಸುವ ವೇಗವೂ ಅಂಥ ಬಳಕೆಯದ್ದೇ; ಅಲ್ಲೊಂದು ಇಲ್ಲೊಂದು ಚಿಕ್ಕ ತುಣುಕು ಬರೆಯುವಾಗ ಅದೇ ಪೆನ್‌ಡ್ರೈವ್ ಸೆಕೆಂಡಿಗೆ 1 ಎಂಬಿಗಿಂತಲೂ ಕೆಳಗೆ ಇಳಿಯುವುದು ಸಾಮಾನ್ಯ.

ಕಾರ್ಯಾಚರಣಾ ವ್ಯವಸ್ಥೆ ಮಾಡುವುದು ಬಹುಪಾಲು ಇಂಥ ಚಿಕ್ಕ ಬರವಣಿಗೆಯನ್ನೇ. ಲಾಗ್‌ಗಳು, ಜರ್ನಲ್, ಅಪ್‌ಡೇಟ್‌ನ ಸಾವಿರಾರು ಸಣ್ಣ ಕಡತಗಳು, ರ‍್ಯಾಮ್ ಸಾಲದಾದಾಗ ಅದರ ಬದಲಿಗೆ ಡಿಸ್ಕಿನ ಜಾಗ ಬಳಸುವ ಸ್ವಾಪ್. ಎಲ್ಲಕ್ಕಿಂತ ಹೆಚ್ಚಾಗಿ ಬ್ರೌಸರ್: ಫೈರ್‌ಫಾಕ್ಸ್ ಬಳಸುವಾಗ ನೀವು ತೆರೆದಿರುವ ಟ್ಯಾಬ್‌ಗಳ ಸ್ಥಿತಿಯನ್ನು ಅದು ಪೂರ್ವನಿಯೋಜಿತವಾಗಿ 15 ಸೆಕೆಂಡಿಗೊಮ್ಮೆ ಡಿಸ್ಕಿಗೆ ಬರೆಯುತ್ತಿರುತ್ತದೆ, ಅದರ ಜೊತೆಗೆ ಇತಿಹಾಸದ ದತ್ತಾಂಶ, ಕ್ಯಾಶ್. ಕೆಲವು ಬರವಣಿಗೆಗಳು ಡಿಸ್ಕ್ ಮುಟ್ಟಿದ್ದು ಖಚಿತವಾಗುವವರೆಗೂ ತಂತ್ರಾಂಶ ಮುಂದೆ ಹೋಗುವುದಿಲ್ಲ. ನಿಮ್ಮ ಪರದೆ ಅಲುಗಾಡದೆ ನಿಲ್ಲುತ್ತಿದ್ದುದು ಆ ಹೊತ್ತಿನಲ್ಲಿ. ಪೆನ್‌ಡ್ರೈವ್‌ನ ದೀಪ ಒಂದೇ ಸಮ ಮಿನುಗುತ್ತಿದ್ದುದನ್ನು ನೀವು ಗಮನಿಸಿರಬಹುದು.

ಪೆನ್‌ಡ್ರೈವ್‌ನ ಸಾವಿನ ಕಾರಣವೂ ಇದೇ. ಫ್ಲ್ಯಾಶ್‌ನ ಪ್ರತಿ ಬ್ಲಾಕನ್ನೂ ಇಂತಿಷ್ಟು ಸಲ ಮಾತ್ರ ಅಳಿಸಿ ಬರೆಯಬಹುದು: ಒಂದು ಕೋಶದಲ್ಲಿ ಒಂದೇ ಬಿಟ್ ಇಡುವ ಎಸ್‌ಎಲ್‌ಸಿಗೆ ಅಂದಾಜು 1 ಲಕ್ಷ ಸಲ, ಮೂರು ಬಿಟ್ ಇಡುವ ಟಿಎಲ್‌ಸಿಗೆ ಸುಮಾರು 1,000ದಿಂದ 3,000 ಸಲ. ಅಗ್ಗದ ಪೆನ್‌ಡ್ರೈವ್‌ಗಳಲ್ಲಿ ಇರುವುದು ಟಿಎಲ್‌ಸಿ ಅಥವಾ ಅದಕ್ಕಿಂತ ಕಡಿಮೆ ಬಾಳಿಕೆಯದು. ಬದಲಿ ಬ್ಲಾಕುಗಳು ಮುಗಿದಾಗ ಎಷ್ಟೋ ಕಂಟ್ರೋಲರ್‌ಗಳು ಇನ್ನು ಬರೆಯುವುದಿಲ್ಲ ಎಂದು ತಮ್ಮನ್ನು ತಾವೇ ಬೀಗ ಹಾಕಿಕೊಳ್ಳುತ್ತವೆ. ಅಥವಾ ಲಿನಕ್ಸ್ ದೋಷವನ್ನು ಕಂಡು, ಮತ್ತಷ್ಟು ಹಾನಿಯಾಗದಿರಲಿ ಎಂದು ಕಡತ ವ್ಯವಸ್ಥೆಯನ್ನು ಓದಲು ಮಾತ್ರ ಎಂಬ ಸ್ಥಿತಿಗೆ ತರುತ್ತದೆ. ನಿಮಗೆ ಕಾಣಿಸಿದ ಸಂದೇಶ ಈ ಎರಡರಲ್ಲಿ ಒಂದು. ಎರಡರಲ್ಲೂ ಓದುವುದು ಇನ್ನಷ್ಟು ಕಾಲ ಸಾಧ್ಯ ಎಂಬುದರಿಂದಲೇ ಮೊದಲು ನಕಲು ಮಾಡಿಕೊಳ್ಳಿ ಎಂದೆ.

ಹಾಗೆಂದು "ಪೆನ್‌ಡ್ರೈವ್‌ಗೆ ಇನ್‌ಸ್ಟಾಲ್ ಮಾಡಲೇಬಾರದು" ಎಂಬ ಮಾತನ್ನು ನಾನು ಹೇಳುವುದಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆ 2012ರಲ್ಲಿ ವಿಂಡೋಸ್ 8ರ ಜೊತೆಗೆ ವಿಂಡೋಸ್ ಟು ಗೋ ಎಂಬ ಇಂಥದೇ ಸೌಲಭ್ಯವನ್ನು ತಂದಾಗ ಅದಕ್ಕೆಂದೇ ಪ್ರಮಾಣೀಕರಿಸಿದ, ಚಿಕ್ಕ ತುಣುಕುಗಳ ಬರವಣಿಗೆಯಲ್ಲಿ ವೇಗವಿರುವ ಡ್ರೈವ್‌ಗಳನ್ನೇ ಬಳಸಲು ಸೂಚಿಸಿತ್ತು. 2020ರಲ್ಲಿ ವಿಂಡೋಸ್ 10ರಿಂದ ಆ ಸೌಲಭ್ಯವನ್ನೇ ತೆಗೆದುಹಾಕಿದರು, ಆದರೂ ಅವರು ಅಂದು ಹಾಕಿದ ಷರತ್ತು ಇಂದಿಗೂ ಸರಿಯಾದದ್ದೇ. ಯುಎಸ್‌ಬಿ 3ರ ಮೂಲಕ ಸಿಕ್ಕಿಸುವ ಹೊರಗಿನ ಎಸ್‌ಎಸ್‌ಡಿಯಲ್ಲಿ ಪೂರ್ತಿ ಇನ್‌ಸ್ಟಾಲ್ ಮಾಡಿದರೆ ಒಳಗಿನ ಡಿಸ್ಕಿಗೂ ಅದಕ್ಕೂ ದಿನಬಳಕೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣಿಸುವುದಿಲ್ಲ. ಪೆನ್‌ಡ್ರೈವ್‌ನಲ್ಲೇ ಮಾಡಬೇಕಾದ ಅನಿವಾರ್ಯತೆ ಇದ್ದರೆ ನೋಏಟೈಮ್ ಆಯ್ಕೆಯಿಂದ ಓದಿದಾಗಲೆಲ್ಲ ಸಮಯ ಬರೆಯುವುದನ್ನು ನಿಲ್ಲಿಸಬಹುದು, ಸ್ವಾಪ್ ಬದಲು ರ‍್ಯಾಮ್‌ನಲ್ಲೇ ಸಂಕುಚಿತಗೊಳಿಸಿ ಇಡುವ ಝಡ್‌ರ‍್ಯಾಮ್ ಬಳಸಬಹುದು, ಲಾಗ್ ಮತ್ತು ಬ್ರೌಸರ್ ಕ್ಯಾಶ್‌ಗಳನ್ನು ರ‍್ಯಾಮ್‌ಗೆ ಸರಿಸಬಹುದು. ಇವುಗಳಿಂದ ಆಯುಷ್ಯ ಹೆಚ್ಚುತ್ತದೆ, ಸ್ವಭಾವ ಬದಲಾಗುವುದಿಲ್ಲ. ಅಂಕಪಟ್ಟಿಯಂಥ ಕೆಲಸವನ್ನು ನಾನು ಅದರ ಮೇಲೆ ನಂಬಿ ಇಡುವುದಿಲ್ಲ.

ಪರ್ಸಿಸ್ಟೆನ್ಸ್ ಬಗ್ಗೆ ಅಂಗಡಿಯವರು ಹೇಳಿದ್ದು ಅರ್ಧ ಮಾತ್ರ. ಮೇಲೆ ಹೇಳಿದ ಪಾರದರ್ಶಕ ಪದರವನ್ನು ರ‍್ಯಾಮ್‌ನ ಬದಲು ಪೆನ್‌ಡ್ರೈವ್‌ನಲ್ಲೇ ಇಡುವುದು ಅದರ ವಿಧಾನ. ಉಬುಂಟು ಬಳಗದಲ್ಲಿ ಇದಕ್ಕೆ ಕ್ಯಾಸ್ಪರ್-ಆರ್‌ಡಬ್ಲ್ಯು (ಹೊಸ ಆವೃತ್ತಿಗಳಲ್ಲಿ ರೈಟಬಲ್) ಎಂಬ ಕಡತ ಅಥವಾ ಪಾರ್ಟಿಶನ್, ಡೆಬಿಯನ್ ಲೈವ್‌ನಲ್ಲಿ ಪರ್ಸಿಸ್ಟೆನ್ಸ್ ಎಂದು ಹೆಸರಿಟ್ಟ ಪಾರ್ಟಿಶನ್. ಹೊಂದಾಣಿಕೆಗಳು ಉಳಿಯುತ್ತವೆ, ಏನಾದರೂ ಕೆಟ್ಟರೆ ಪರ್ಸಿಸ್ಟೆನ್ಸ್ ಇಲ್ಲದೆ ಬೂಟ್ ಮಾಡಿ ಮೂಲ ವ್ಯವಸ್ಥೆಗೆ ಹಿಂತಿರುಗಬಹುದು. ಆ ಎರಡನೆಯ ಗುಣ ನಿಜಕ್ಕೂ ಅಮೂಲ್ಯ. ಆದರೆ ಜನ ಇದನ್ನು ಪೂರ್ತಿ ಇನ್‌ಸ್ಟಾಲ್‌ನಂತೆ ಬಳಸಲು ಹೋಗಿ ಪೆಟ್ಟು ತಿನ್ನುತ್ತಾರೆ. ವ್ಯವಸ್ಥೆಯನ್ನು ಪೂರ್ತಿ ಅಪ್‌ಡೇಟ್ ಮಾಡಿದಿರಿ ಎನ್ನಿ: ಹಳೆಯ ಕಡತಗಳು ಸ್ಕ್ವಾಶ್‌ಎಫ್ಎಸ್‌ನಲ್ಲಿ ಹಾಗೆಯೇ ಇರುತ್ತವೆ, ಹೊಸವು ಪದರದಲ್ಲಿ ಬಂದು ಕೂರುತ್ತವೆ, ಎರಡೂ ಜಾಗ ತಿನ್ನುತ್ತವೆ. ಮೂಲದಲ್ಲಿದ್ದ ಒಂದು ತಂತ್ರಾಂಶವನ್ನು ತೆಗೆದುಹಾಕಿದರೆ ಜಾಗ ಉಳಿಯುವುದಿಲ್ಲ. "ಇದನ್ನು ತೋರಿಸಬೇಡ" ಎಂಬ ಗುರುತು ಮಾತ್ರ ಪದರದಲ್ಲಿ ಸೇರಿಕೊಳ್ಳುತ್ತದೆ. ಉಬುಂಟು ಬಳಗದ ಈ ವಿಧಾನದಲ್ಲಿ ಕರ್ನಲ್ ಪದರದ ಹೊರಗಿನಿಂದ ಬೂಟ್ ಆಗುವ ಕಾರಣ, ಪದರದೊಳಗೆ ಇಳಿಸಿಕೊಂಡ ಹೊಸ ಕರ್ನಲ್ ಬಳಕೆಗೇ ಬರುವುದಿಲ್ಲ. ಫ್ಯಾಟ್32 ಪಾರ್ಟಿಶನ್‌ನಲ್ಲಿ ಕಡತದ ರೂಪದಲ್ಲಿ ಇಟ್ಟರೆ ಅದು 4 ಜಿಬಿ ಮೀರುವಂತಿಲ್ಲ, ಆ ಮಿತಿ ತುಂಬಿದ ದಿನ ಲಾಗಿನ್ ಪರದೆಯೇ ಮತ್ತೆ ಮತ್ತೆ ಬರುವುದು ಸಾಮಾನ್ಯ ದೂರು. ಮುಂದೆ ಹೊಸ ಆವೃತ್ತಿಯ ಐಎಸ್‌ಒ ಬರೆದರೆ ಹಳೆಯ ಪದರ ಅದರ ಮೇಲೆ ಹೊಂದುವುದಿಲ್ಲ. ಪೆನ್‌ಡ್ರೈವ್‌ನ ಸವೆತವೂ ತಪ್ಪುವುದಿಲ್ಲ, ಬರೆಯುತ್ತಿರುವುದು ಅದೇ ಚಿಪ್‌ಗೆ ತಾನೆ.

ಆದ್ದರಿಂದ ಪರ್ಸಿಸ್ಟೆನ್ಸ್ ಇಡುವುದಾದರೆ ಇಡೀ ವ್ಯವಸ್ಥೆಗೆ ಇಡದೆ, ನಿಮ್ಮ ಹೊಂದಾಣಿಕೆಗಳೂ ಕಡತಗಳೂ ಇರುವ ಹೋಮ್ ಫೋಲ್ಡರ್‌ಗೆ ಮಾತ್ರ ಇಡಿ ಎಂಬುದು ನನ್ನ ಸಲಹೆ. ಡೆಬಿಯನ್ ಲೈವ್ ಇದಕ್ಕೆ ಅವಕಾಶ ಕೊಡುತ್ತದೆ, ಆ ಪಾರ್ಟಿಶನ್ ಅನ್ನು ಲಕ್ಸ್ ಎನ್‌ಕ್ರಿಪ್ಷನ್‌ನೊಳಗೆ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ) ಇಡಲೂ ಬಿಡುತ್ತದೆ. ಎಂಎಕ್ಸ್ ಲಿನಕ್ಸ್ ಮತ್ತು ಆಂಟಿಎಕ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದಿನದ ಬದಲಾವಣೆಗಳನ್ನು ರ‍್ಯಾಮ್‌ನಲ್ಲೇ ಇಟ್ಟುಕೊಂಡು ಆಫ್ ಮಾಡುವಾಗ ಉಳಿಸಬೇಕೇ ಎಂದು ಕೇಳುವ ವಿಧಾನವನ್ನೂ, ಅಪ್‌ಡೇಟ್‌ಗಳನ್ನೆಲ್ಲ ಸೇರಿಸಿ ಹೊಸ ಸ್ಕ್ವಾಶ್‌ಎಫ್ಎಸ್ ತಯಾರಿಸಿಕೊಳ್ಳುವ ರೀಮಾಸ್ಟರ್ ಸಾಧನವನ್ನೂ ಒಳಗೊಂಡಿವೆ. ಕಡಿಮೆ ರ‍್ಯಾಮ್‌ನ ಲ್ಯಾಬ್ ಕಂಪ್ಯೂಟರ್‌ಗಳಿಗೆ ಆಂಟಿಎಕ್ಸ್ ವಿಶೇಷವಾಗಿ ಹೊಂದುತ್ತದೆ. ಹೋಮ್ ಉಳಿಯುವ ವ್ಯವಸ್ಥೆಯಲ್ಲಿ ಬ್ರೌಸರ್‌ಗೆ ಸೇರಿಕೊಂಡ ಕೆಟ್ಟ ಎಕ್ಸ್‌ಟೆನ್ಶನ್ ಕೂಡ ಉಳಿಯುತ್ತದೆ ಎಂಬ ಎಚ್ಚರ ಮಾತ್ರ ಇರಲಿ.

ನಿಮ್ಮ ಸಂದರ್ಭಕ್ಕೆ ನಾನು ಹೇಳುವುದು ಎರಡು ಮಾಧ್ಯಮಗಳನ್ನು. ಮನೆಯ ಕೆಲಸಕ್ಕೆ ಹೊರಗಿನ ಎಸ್‌ಎಸ್‌ಡಿಯಲ್ಲಿ ಪೂರ್ತಿ ಇನ್‌ಸ್ಟಾಲ್, ಇನ್‌ಸ್ಟಾಲ್ ಮಾಡುವಾಗಲೇ ಲಕ್ಸ್ ಎನ್‌ಕ್ರಿಪ್ಷನ್. ಪ್ರಶ್ನೆಪತ್ರಿಕೆ ಇರುವ ಡಿಸ್ಕ್ ಬಸ್ಸಿನಲ್ಲಿ ಕಳೆದುಹೋದರೂ ಯಾರಿಗೂ ಓದಲು ಸಿಗಬಾರದು. ಕಾಲೇಜಿಗೆ ಹಾಗೂ ಸೈಬರ್ ಸೆಂಟರ್‌ಗೆ ಒಂದು ಸಾಮಾನ್ಯ ಪೆನ್‌ಡ್ರೈವ್‌ನಲ್ಲಿ ಲೈವ್. ಲೈವ್ ಐಎಸ್‌ಒಗಳು ಕಂಪ್ಯೂಟರನ್ನು ಆರಂಭಿಸುವ ತಂತ್ರಾಂಶ ಹಳೆಯ ಬಯೋಸ್ ಆಗಿದ್ದರೂ ಹೊಸ ಯುಇಎಫ್ಐ ಆಗಿದ್ದರೂ ಬೂಟ್ ಆಗುವಂತೆ ತಯಾರಾಗಿರುವುದರಿಂದ ಲ್ಯಾಬ್‌ನ ಬಗೆಬಗೆಯ ಕಂಪ್ಯೂಟರ್‌ಗಳಲ್ಲಿ ಪೂರ್ತಿ ಇನ್‌ಸ್ಟಾಲ್‌ಗಿಂತ ಅವೇ ಸುಲಭವಾಗಿ ಏಳುತ್ತವೆ. ಅಲ್ಲಿ ಬೂಟ್ ಕ್ರಮ ಬದಲಿಸಲು ಪ್ರಾಂಶುಪಾಲರ ಅಥವಾ ಲ್ಯಾಬ್ ಉಸ್ತುವಾರಿಯವರ ಒಪ್ಪಿಗೆ ಕೇಳಿಕೊಳ್ಳಿ. ಆ ದಿನಕ್ಕೆ ಬೇಕಾದ ಕಡತಗಳು ಮಾತ್ರ ಲೈವ್ ಪೆನ್‌ಡ್ರೈವ್‌ನ ಎರಡನೆಯ ಪಾರ್ಟಿಶನ್‌ನಲ್ಲಿರಲಿ, ಸಂಜೆ ಮನೆಯಲ್ಲಿ ಎಸ್‌ಎಸ್‌ಡಿಗೆ ನಕಲಾಗಲಿ. ಎಸ್‌ಎಸ್‌ಡಿಯ ಒಂದು ನಕಲು ವಾರಕ್ಕೊಮ್ಮೆ ಮತ್ತೊಂದು ಡಿಸ್ಕಿಗೆ ಹೋಗಲಿ. ಪೆನ್‌ಡ್ರೈವ್ ಹೊಸದಾಗಿ ಕೊಳ್ಳುವುದಾದರೆ ಮೊದಲು ಎಫ್3 ಅಥವಾ ಎಚ್2ಟೆಸ್ಟ್‌ಡಬ್ಲ್ಯು ಎಂಬ ತಂತ್ರಾಂಶದಿಂದ ಪರೀಕ್ಷಿಸಿ. 64 ಜಿಬಿ ಎಂದು ಬರೆದು ಒಳಗೆ ಅದಕ್ಕಿಂತ ಬಹಳ ಕಡಿಮೆ ಇರುವ ನಕಲಿ ಮಾಲು ಮಾರುಕಟ್ಟೆಯಲ್ಲಿದೆ.

ಕನ್ನಡ ಟೈಪಿಂಗ್‌ನ ಅಡ್ಡಿ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಪ್ರಮುಖ ಲಿನಕ್ಸ್‌ಗಳಲ್ಲಿ ಕೀಲಿಮಣೆ ವಿನ್ಯಾಸಗಳ ಪಟ್ಟಿಯಲ್ಲಿ ಭಾರತದ ಅಡಿಯಲ್ಲಿ ಕನ್ನಡ ಕಗಪ ವಿನ್ಯಾಸ ಮೊದಲೇ ಇರುತ್ತದೆ; ಇಂಟರ್‌ನೆಟ್ ಇಲ್ಲದೆ, ಏನನ್ನೂ ಇಳಿಸಿಕೊಳ್ಳದೆ, ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಳ್ಳಲು ಒಂದು ನಿಮಿಷ ಸಾಕು. ಹೋಮ್ ಪರ್ಸಿಸ್ಟೆನ್ಸ್ ಇದ್ದರೆ ಅದೂ ಬೇಡ. ತೊಂದರೆ ಬರುವುದು ಹಳೆಯ ನುಡಿ ಫಾಂಟ್‌ಗಳಲ್ಲಿ, ಯೂನಿಕೋಡ್ ಅಲ್ಲದ ಸಂಕೇತದಲ್ಲಿ ಬರೆದ ಕಡತಗಳಿಗೆ. ಅವು ಲೈವ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಅಂಥವನ್ನು ಮನೆಯಲ್ಲಿ ಒಮ್ಮೆ ಯೂನಿಕೋಡ್‌ಗೆ ಪರಿವರ್ತಿಸಿಕೊಂಡುಬಿಡಿ.

ಎಸ್‌ಎಸ್‌ಡಿಗೆ ಇನ್‌ಸ್ಟಾಲ್ ಮಾಡುವ ದಿನ ಹಿಂದೆ ಆದ ಎಡವಟ್ಟು ಮರುಕಳಿಸದಂತೆ ನೋಡಿಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗಳ ವಿಂಡೋಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗಿಯೇ ಚಾಲೂ ಇರಬಹುದು. ಬೂಟ್ ಹೊಂದಾಣಿಕೆ ಬದಲಾದಾಗ ಅದು 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳಬಹುದು, ಅದನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಂಡ ನಂತರವೇ ಮುಂದುವರಿಯಿರಿ. ಲ್ಯಾಪ್‌ಟಾಪ್‌ನ ಒಳಗಿನ ಡಿಸ್ಕನ್ನು ಬಯೋಸ್‌ನಲ್ಲಿ ನಿಷ್ಕ್ರಿಯಗೊಳಿಸಲು ಸಾಧ್ಯವಿದ್ದರೆ ಹಾಗೆ ಮಾಡಿ, ಇಲ್ಲವಾದರೆ ಪರಿಚಿತ ತಂತ್ರಜ್ಞರಿಂದ ಅದನ್ನು ಆ ಹೊತ್ತಿಗೆ ಬಿಚ್ಚಿಸಿ. ಕಣ್ಣಿಗೆ ಕಾಣದ ಡಿಸ್ಕಿಗೆ ಇನ್‌ಸ್ಟಾಲರ್ ಬೂಟ್‌ಲೋಡರ್ ಬರೆಯಲಾರದು. ಎಸ್‌ಎಸ್‌ಡಿಯಲ್ಲೇ ಸುಮಾರು 500 ಎಂಬಿಯ ಇಎಫ್ಐ ಪಾರ್ಟಿಶನ್ ಮಾಡಿ, ಗ್ರಬ್ ಅನ್ನು 'ರಿಮೂವಬಲ್' ಎಂಬ ಆಯ್ಕೆಯೊಂದಿಗೆ ಸ್ಥಾಪಿಸಿದರೆ ಅದು ಯಾವ ಯುಇಎಫ್ಐ ಕಂಪ್ಯೂಟರ್ ಆದರೂ ಹುಡುಕುವ ಸಾಮಾನ್ಯ ಸ್ಥಳದಲ್ಲಿ ಕೂರುತ್ತದೆ. ಮುಗಿದ ಮೇಲೆ ಎರಡು ಪರೀಕ್ಷೆ ಮಾಡಿ: ಎಸ್‌ಎಸ್‌ಡಿ ಕಿತ್ತು, ಒಳಗಿನ ಡಿಸ್ಕನ್ನು ಮತ್ತೆ ಸೇರಿಸಿ ಲ್ಯಾಪ್‌ಟಾಪ್ ನೇರವಾಗಿ ವಿಂಡೋಸ್‌ಗೆ ಹೋಗುತ್ತದೆಯೇ ನೋಡಿ, ನಂತರ ಎಸ್‌ಎಸ್‌ಡಿಯನ್ನು ಬೇರೊಬ್ಬರ ಕಂಪ್ಯೂಟರ್‌ಗೆ ಸಿಕ್ಕಿಸಿ ಅಲ್ಲಿ ಬೂಟ್ ಆಗುತ್ತದೆಯೇ ನೋಡಿ. ಎರಡೂ ಸರಿಯಿದ್ದ ಮೇಲೆ ಅಂಕಪಟ್ಟಿಯ ಕೆಲಸವನ್ನು ಅದಕ್ಕೆ ವರ್ಗಾಯಿಸಿ.